ಹೌದದ ಕಟ್ಟೆಯ ಮೇಲೆ ಒಂದು ಸ್ಟೀಲ್ ಡ್ರಮ್ಮು

ಚಿತ್ತಾಪುರದ ಒಂದು ಶಾಲೆಯಲ್ಲಿ ಮಾಸ್ತರರಾಗಿದ್ದ ವಾಡಿಯ ಜಗದೇವಪ್ಪ, ತೊಂಬತ್ತೆಂಟರ ದಸರೆಗೆ ಮುಂಚೆ ಅಂಗಡಿ ಅಂಗಡಿ ತಿರುಗಿ ಒಂದು ವಸ್ತುವನ್ನು ಹುಡುಕುತ್ತಿದ್ದರು. ಅದು ಏತಕ್ಕೆ ಬೇಕು ಎಂದು ಯಾವ ಅಂಗಡಿಯವನಿಗೂ ಹೇಳಲಿಲ್ಲ. ಬಾಯಿ ಅಗಲವಿರಬೇಕು, ಮುಚ್ಚಳ ಬಿಗಿಯಾಗಿರಬೇಕು, ಗಾಡಿ ಕುಲುಕಿದರೆ ಚೆಲ್ಲಬಾರದು, ಇಷ್ಟೇ ಹೇಳುತ್ತಿದ್ದರು. ಉಪ್ಪಿನಕಾಯಿಗೇನ್ರಿ ಎಂದವನಿಗೆ ಹೂಂ ಅಂದರು. ಎಣ್ಣೆಗೇನ್ರಿ ಎಂದವನಿಗೂ ಹೂಂ ಅಂದರು. ಅವರಿಗೆ ಬೇಕಾಗಿದ್ದದ್ದು ತಾಯಿಗೋಸ್ಕರ ಗಾಡಿಯೊಳಗೆ ಇಡುವ ಸಂಡಾಸು.

ತಾಯಿಯ ಹೆಸರು ಅನಸುಬಾಯಿ. ಶಹಾಬಾದಿನ ಖಣಿಗಳಲ್ಲಿ ಫರಸಿ ಕಲ್ಲು ಹೊತ್ತು ಮಗನನ್ನು ಓದಿಸಿದಾಕೆ. ಆ ಕಲ್ಲುಗಳು ಯಾರ ಯಾರ ಮನೆಯ ನೆಲವಾದವೋ, ಈಕೆಯ ಮೊಣಕಾಲನ್ನಂತೂ ತಿಂದವು. ಕುಕ್ಕರಗಾಲಲ್ಲಿ ಕೂರುವುದು ಆಗುತ್ತಿರಲಿಲ್ಲ. ಅದರ ಮೇಲೆ ಸಕ್ಕರೆ ಬೇನೆ ಬಂತು. ಉಚ್ಚೆ ಬಂತೆಂದರೆ ತಡೆಯಲಿಕ್ಕೆ ಆಗುತ್ತಿರಲಿಲ್ಲ. ಆಕೆಗೆ ಇದ್ದದ್ದು ಒಂದೇ ಆಸೆ, ಬಾಬಾಸಾಹೇಬರು ದಸರೆಯ ದಿನ ಬೌದ್ಧ ದೀಕ್ಷೆ ತೆಗೆದುಕೊಂಡ ನಾಗಪುರದ ನೆಲವನ್ನು ಕಣ್ಣಿಂದ ನೋಡುವುದು. ಓಣಿಯ ಜನ ಪ್ರತಿ ದಸರೆಗೆ ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತುತ್ತಿದ್ದರು. ಆ ರೈಲಿನಲ್ಲಿ ಸಂಡಾಸಿನೊಳಗೂ ಜನ ಗಂಟುಮೂಟೆ ಇಟ್ಟುಕೊಂಡು ನಿಂತಿರುತ್ತಾರೆ. ಒಂದು ವರ್ಷ ಅನಸುಬಾಯಿಯೂ ಹತ್ತಿದ್ದಳು. ದಾರಿಯಲ್ಲಿ ಸೀರೆ ಒದ್ದೆಯಾಗಿ, ಪಕ್ಕದವರು ಮೂಗು ಮುಚ್ಚಿಕೊಂಡಿದ್ದನ್ನು ನೋಡಿ, ಮುಂದಿನ ನಿಲ್ದಾಣದಲ್ಲಿ ಇಳಿದು ವಾಪಸು ಬಂದಳು. ಆಮೇಲೆ ಮದುವೆಗೂ ಹೋಗಲಿಲ್ಲ, ಮಣ್ಣಿಗೂ ಹೋಗಲಿಲ್ಲ.

ಈ ಸೀಮೆಯ ಬಸ್ ನಿಲ್ದಾಣಗಳನ್ನು ಕಟ್ಟಿದವರಿಗೆ ಹೆಂಗಸರಿಗೂ ಮೂತ್ರ ಬರುತ್ತದೆ ಎಂಬುದು ಗೊತ್ತಿರಲಿಲ್ಲವೋ, ಗೊತ್ತಿದ್ದೂ ಅದಕ್ಕೆ ಬೀಗ ಹಾಕಬಹುದು ಅಂದುಕೊಂಡರೋ, ನನಗೆ ತಿಳಿಯದು. ಇಲ್ಲಿಯ ಹೆಂಗಸರು ಊರಿಗೆ ಹೋಗಬೇಕೆಂದರೆ ಹಿಂದಿನ ದಿನದಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ನಾವು ಗಂಡಸರು ಗೋಡೆಗೆ ಮುಖ ಮಾಡಿ ನಿಂತು, ಹೆಂಗಸರ ತಾಳ್ಮೆ ದೊಡ್ಡದು ಎಂದು ಹೊಗಳುತ್ತೇವೆ.

ಜಗದೇವಪ್ಪ ಆ ವರ್ಷ ನಿಶ್ಚಯ ಮಾಡಿದರು. ವಾಡಿಯ ಡ್ರೈವರ್ ಸರ್ದಾರನ ಮೆಟಡೋರ್ ವ್ಯಾನು ಬಾಡಿಗೆಗೆ ಹಿಡಿಯುವುದು, ಅದರೊಳಗೆ ಅವ್ವನಿಗೆ ಹಲಗೆಯ ಮಂಚ ಕಟ್ಟುವುದು, ಸ್ಟವ್, ಪಾತ್ರೆ, ಜೋಳದ ಹಿಟ್ಟು ಹೇರಿಕೊಂಡು, ದಾರಿಯಲ್ಲಿ ಅಡಿಗೆ ಮಾಡುತ್ತ, ಗಾಡಿಯಲ್ಲೇ ಮಲಗುತ್ತ ನಿಧಾನವಾಗಿ ನಾಗಪುರ ಮುಟ್ಟುವುದು. ಚಿತ್ತಾಪುರ, ಮಳಖೇಡ, ಸೇಡಂ ದಾಟಿ ಚಿಂಚೋಳಿಯಲ್ಲಿ ಹೆಂಡತಿಯ ತವರಿನವರನ್ನು ಹತ್ತಿಸಿಕೊಳ್ಳುವುದು. ಉಳಿದದ್ದೆಲ್ಲ ಸುಲಭ. ಆ ಒಂದು ವಸ್ತು ಮಾತ್ರ ಕಷ್ಟ.

ಯಾಕೆ ಕಷ್ಟ ಎಂಬುದನ್ನು ಹೇಳಬೇಕು. ಜಗದೇವಪ್ಪ ಶಹಾಬಾದಿನ ಶಾಲೆಯಲ್ಲಿ ಓದುವಾಗ ಸಾಹೇಬರು ತಪಾಸಣೆಗೆ ಬರುತ್ತಾರೆಂದರೆ ಮೂತ್ರಿಮನೆ ತೊಳೆಯಲು ಮಾಸ್ತರು ಕರೆಯುತ್ತಿದ್ದದ್ದು ಇವರನ್ನೇ. ಓಣಿಯ ಹೆಸರು ಹಾಜರಿಯಲ್ಲಿ ಬರೆದಿರುವುದಿಲ್ಲ, ಆದರೂ ಎಲ್ಲರಿಗೂ ಗೊತ್ತಿರುತ್ತದೆ. ಮುಂದೆ ತಾವೇ ಮಾಸ್ತರರಾಗಿ ಬಿಳಿ ಅಂಗಿ ತೊಟ್ಟು ಬಂದಾಗ, ಶಾಲೆಯ ಹೊಸ ಸಂಡಾಸು ತುಂಬಿ ಕಟ್ಟಿಕೊಂಡ ದಿನ ಅಲ್ಲಿಯ ಹಿರಿಯರೊಬ್ಬರು ನಗುತ್ತಲೇ, ನೀವು ಒಂದೀಟು ನೋಡ್ರಿ, ನಿಮಗ ಗೊತ್ತಿರ್ತದ, ಅಂದಿದ್ದರು. ಮನೆಗೆ ಬಂದು ಜಗದೇವಪ್ಪ ಹೆಂಡತಿಯ ಮುಂದೆ ಕೂಗಾಡಿದ್ದು ಹೀಗೆ: ನಮ್ಮವರು ಎಂದಾದರೂ ಆ ಕೆಲಸ ಮಾಡಿದವರೇನು? ಈ ಮಾತನ್ನು ಅವರು ನನ್ನ ಮುಂದೆಯೂ ಹೇಳಿದರು. ಹಾಗಾದರೆ ಆ ಕೆಲಸ ಮಾಡಿದವರಿಗೆ ಆ ಹಿರಿಯರ ಮಾತು ಹೇಳಬಹುದೇನು ಎಂದು ನಾನು ಕೇಳಿದೆ. ನನಗೆ ಆಗ ಸಿಟ್ಟು ಯಾರ ಮೇಲೆ ಬರಬೇಕೋ ಗೊತ್ತಾಗಲಿಲ್ಲ.

ಅಂತೂ, ಕೈಯಲ್ಲಿ ಅಂಥದ್ದೊಂದು ಪಾತ್ರೆ ಹಿಡಿದು ನಡೆಯುವುದನ್ನು ಯಾರಾದರೂ ನೋಡಿದರೆ ಎಂಬ ಭಯ ಅವರ ಎಲುಬಿನಲ್ಲಿ ಕೂತಿತ್ತು. ಮೊದಲು ಕಲಬುರಗಿಯ ಔಷಧಿ ಅಂಗಡಿಯಿಂದ ರೋಗಿಗಳಿಗೆ ಇಡುವ ಪಿಂಗಾಣಿ ತಟ್ಟೆ ತಂದರು. ಅದಕ್ಕೆ ಮುಚ್ಚಳವಿಲ್ಲ. ಗಾಡಿಯಲ್ಲಿ ನೀರು ಹಾಕಿ ನೋಡಿದರೆ ಮೊದಲನೇ ಉಬ್ಬಿಗೇ ಅರ್ಧ ಚೆಲ್ಲಿತು. ಆಮೇಲೆ ಬಣ್ಣದ ಖಾಲಿ ಪ್ಲಾಸ್ಟಿಕ್ ಡಬ್ಬಿ. ಅದರ ಮುಚ್ಚಳ ಬಿಗಿ ಕೂತರೆ ತೆಗೆಯಲು ಬಾರದು, ಸಡಿಲ ಬಿಟ್ಟರೆ ವಾಸನೆ ನಿಲ್ಲದು. ಜೊತೆಗೆ ಪ್ಲಾಸ್ಟಿಕ್ಕು ವಾಸನೆಯನ್ನು ಕುಡಿದುಬಿಡುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಕೊನೆಗೆ ಸಿಕ್ಕದ್ದು ಸ್ಟೀಲಿನ ನೀರಿನ ಡ್ರಮ್ಮು. ಎರಡೂ ಕಡೆ ಕೊಂಡಿ ಹಾಕುವ ಮುಚ್ಚಳ, ಹಿಡಿಯಲು ಗಟ್ಟಿ ಹಿಡಿಕೆ. ಮುಚ್ಚಳದ ಒಳಸುತ್ತಿಗೆ ಸೈಕಲ್ ಟ್ಯೂಬು ಕತ್ತರಿಸಿ ಕೂರಿಸಿದರು. ಬೋರಲು ಹಾಕಿದರೂ ಹನಿ ಹೊರಬರಲಿಲ್ಲ. ಇದೆಲ್ಲಕ್ಕಿಂತ ಅವರಿಗೆ ಹಿಡಿಸಿದ್ದು ಬೇರೆ. ಇದನ್ನು ಹಿಡಿದು ಹೊರಟರೆ ನೋಡಿದವರು ಕುಡಿಯುವ ನೀರು ಅಂದುಕೊಳ್ಳುತ್ತಾರೆ.

ನೀರು ತುಂಬಿದ ಡ್ರಮ್ಮನ್ನು ಮೆಟಡೋರಿನಲ್ಲಿಟ್ಟು ವಾಡಿಯಿಂದ ಶಹಾಬಾದಿಗೆ, ಶಹಾಬಾದಿನಿಂದ ವಾಡಿಗೆ ತಿರುಗಿಸಿದರು. ಸಿಮೆಂಟಿನ ಲಾರಿಗಳು ಅಗೆದಿಟ್ಟ ಆ ರಸ್ತೆಯಲ್ಲಿ ಚೆಲ್ಲದಿದ್ದದ್ದು ಇನ್ನೆಲ್ಲಿಯೂ ಚೆಲ್ಲದು. ಸರ್ದಾರ ಕನ್ನಡಿಯಲ್ಲಿ ನೋಡಿ ನೋಡಿ ಕೊನೆಗೆ ಕೇಳಿಯೇ ಬಿಟ್ಟ.

“ಮಾಸ್ತರ, ಹಾಲಿನ ಧಂದಾ ಶುರು ಮಾಡಾಕತ್ತೀರೇನ್ರಿ?”

ಅವನಿಗೆ ಹೇಳದೆ ಗತಿ ಇರಲಿಲ್ಲ. ಕೇಳಿದ ಸರ್ದಾರ ನಗಲಿಲ್ಲ. ತನ್ನ ತಾಯಿ ಉರುಸಿಗೆ ಹೋಗಬೇಕಾದರೆ ಬಾಯಿಗೆ ನೀರು ಮುಟ್ಟಿಸುವುದಿಲ್ಲ ಎಂದ. ತಾನೇ ಒಂದು ಹಳೆಯ ಸ್ಕೂಟರ್ ಟೈರು ತಂದು ಗಾಡಿಯ ಹಿಂದಿನ ಮೂಲೆಯಲ್ಲಿ ಕಟ್ಟಿ, ಡ್ರಮ್ಮು ಅದರೊಳಗೆ ಅಲುಗದಂತೆ ಕೂರಿಸಿದ. ಅದರ ಮೇಲೆ ಕಬ್ಬಿಣದ ಮಡಚುವ ಕುರ್ಚಿ. ಅದರ ಸೀಟಿಗೆ ತೂತು ಕೊರೆದು, ಅಂಚಿಗೆ ಟ್ಯೂಬು ಸುತ್ತಿ, ಕಾಲುಗಳನ್ನು ಗಾಡಿಯ ಪಟ್ಟಿಗೆ ಹಗ್ಗದಿಂದ ಬಿಗಿದರು. ಸುತ್ತ ಹಳೆಯ ಸೀರೆಯ ಪರದೆ. ಇದನ್ನು ಮುಚ್ಚಿಡೋದೇನದ ಎಂದು ಸರ್ದಾರ ಕೇಳಿದ್ದಕ್ಕೆ, ಯಾರ ಮುಂದೆಯೂ ಬಾಯಿ ಬಿಡಬೇಡ ಎಂದು ಮಾಸ್ತರರು ಆಣೆ ಹಾಕಿಸಿಕೊಂಡರು.

ಬಳಸುವ ರೀತಿಯನ್ನೂ ಅವರು ಮನೆಯಲ್ಲೇ ರೂಢಿ ಮಾಡಿದ್ದರು. ತಳಕ್ಕೆ ಒಲೆಯ ಬೂದಿ ಮತ್ತು ಸಾಮಿಲ್ಲಿನ ಕಟ್ಟಿಗೆ ಹೊಟ್ಟು. ಪ್ರತಿ ಸಲ ಬಳಸಿದ ಮೇಲೆ ಒಂದು ಹಿಡಿ ಬೂದಿ, ಚೂರು ಸುಣ್ಣದ ಪುಡಿ. ತುಂಬುವ ತನಕ ಕಾಯದೆ ಖಾಲಿ ಮಾಡಬೇಕು, ಅದೂ ಹಳ್ಳ ಬಾವಿಗಳಿಂದ ದೂರ, ತಗ್ಗು ತೋಡಿ ಮಣ್ಣು ಮುಚ್ಚಬೇಕು. ಮುಚ್ಚಳದ ರಬ್ಬರು ಬಿಚ್ಚಿ ಬೇರೆ ತೊಳೆಯಬೇಕು, ಯಾಕೆಂದರೆ ವಾಸನೆ ಅಡಗುವುದು ಅದರಡಿಯಲ್ಲಿಯೇ. ಆಮೇಲೆ ಬಿಸಿಲಿಗೆ ಬೋರಲು. ಫಿನೈಲು ಮಾತ್ರ ಹಾಕಲಿಲ್ಲ, ಫಿನೈಲಿನ ವಾಸನೆ ಗುಟ್ಟು ಬಿಟ್ಟುಕೊಡುತ್ತದೆ. ಹೊರಮೈಯನ್ನು ಮಾತ್ರ ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗುತ್ತಿದ್ದರು. ಮನೆಯ ಯಾವ ಪಾತ್ರೆಯೂ ಅಷ್ಟು ಹೊಳೆಯುತ್ತಿರಲಿಲ್ಲ.

ಗಾಡಿ ವಾಡಿ ಬಿಟ್ಟಿತು. ಅನಸುಬಾಯಿ ಎಷ್ಟೋ ವರ್ಷದ ಮೇಲೆ ದಾರಿಯಲ್ಲಿ ನೀರು ಕುಡಿದಳು. ಮಳಖೇಡದ ಹತ್ತಿರ ಕಾಗಿಣಾ ಕಂಡಾಗ, ಕಿಟಕಿಯಿಂದ ಕೈ ಹೊರಗೆ ಹಾಕಿ ಗಾಳಿ ಹಿಡಿದಳಂತೆ. ಚಿತ್ತಾಪುರ ದಾಟಿದ ಮೇಲೆ ಒಮ್ಮೆ, ಮಳಖೇಡದ ಆಚೆ ಒಮ್ಮೆ ಪರದೆಯ ಹಿಂದೆ ಹೋಗಿ ಬಂದಿದ್ದಳು. ಸೇಡಂ ಸಮೀಪ ಜನ ಕಾಣುತ್ತಿದ್ದಾರೆಂದು ಮಾಸ್ತರರು ಗಾಡಿ ನಿಲ್ಲಿಸಲು ಬಿಡಲಿಲ್ಲ. ಊರು ದಾಟಿ, ಜಾಲಿ ಗಿಡಗಳ ಮರೆ ಸಿಕ್ಕ ಮೇಲೆ ಇಳಿದು, ಆಚೆ ಈಚೆ ನೋಡಿ, ಡ್ರಮ್ಮನ್ನು ಟವೆಲಿನಲ್ಲಿ ಮುಚ್ಚಿಕೊಂಡು ಓಡಿದರು. ತಗ್ಗು ತೋಡಿದರು, ಸುರುವಿದರು, ಮಣ್ಣು ಎಳೆದರು, ಅವಸರದಲ್ಲಿ ಒಂದು ಸಲ ನೀರು ಕುಲುಕಿ ಚೆಲ್ಲಿ ಓಡಿ ಬಂದರು. ರಬ್ಬರು ಬಿಚ್ಚಲಿಲ್ಲ. ಹೊರಮೈಯನ್ನು ಮಾತ್ರ ಒರೆಸಿ, ಚಿಂಚೋಳಿಯವರಿಗೆ ಗುಟ್ಟು ತಿಳಿಯಬಾರದೆಂದು ಪರದೆಯ ಹೊರಗೆ, ಬೇರೆ ಪಾತ್ರೆಗಳ ಪಕ್ಕ ಇಟ್ಟರು. ಅನಸುಬಾಯಿ ಮಗನ ಆ ಓಟವನ್ನು ಕಿಟಕಿಯಿಂದ ನೋಡಿದಳು. ಆಮೇಲೆ ಸೊಸೆ ನೀರು ಕೊಟ್ಟರೆ, ಸಾಕು ಅಂದಳು.

ಚಿಂಚೋಳಿಯ ಅಂಚಿನಲ್ಲಿ ಹೆಂಡತಿಯ ತವರು ಓಣಿ. ಅಲ್ಲಿ ಆ ಜನರೇ ದುಡಿದು ಕಟ್ಟಿಕೊಂಡ ನೀರಿನ ತೊಟ್ಟಿಯೊಂದಿದೆ, ಅವರ ಬಾಯಲ್ಲಿ ಹೌದ. ಬೋರಿನ ನೀರು ಬಂದು ಬೀಳುತ್ತದೆ. ಅದಕ್ಕೊಂದು ಪದ್ಧತಿ ಇದೆ. ನಾಗಪುರಕ್ಕೆ ಹೋಗುವ ಗಾಡಿಗಳು ಅಲ್ಲಿ ನಿಲ್ಲುತ್ತವೆ, ಜನ ಇಳಿಯುತ್ತಾರೆ, ಅವರವರ ಪಾತ್ರೆಯನ್ನು ಅವರವರೇ ಹೌದದೊಳಗೆ ಅದ್ದಿ ತುಂಬಿಕೊಳ್ಳುತ್ತಾರೆ. ಯಾರೂ ಯಾರಿಗೂ ಮೇಲಿನಿಂದ ಸುರಿಯುವಂತಿಲ್ಲ. ಇವರ ಅಜ್ಜಂದಿರು ಊರ ಬಾವಿಯ ಬಳಿ ಕೈಕಟ್ಟಿ ನಿಂತು, ಯಾರಾದರೂ ಎತ್ತರದಿಂದ ಸುರಿದರೆ ಬೊಗಸೆ ಒಡ್ಡಿ ಕುಡಿದವರು. ಅದಕ್ಕೇ ಈ ನೇಮ. ಹೌದ ಕಟ್ಟಿಸಿದ ಹಿರಿಯರು ದೇವೀಂದ್ರಪ್ಪ, ನಿವೃತ್ತರಾದ ಮಾಸ್ತರರು. ಅದ್ದುವುದು ಒಳ್ಳೆಯದಲ್ಲ, ನಲ್ಲಿ ಹಾಕಿಸಿರಿ ಎಂದು ಆರೋಗ್ಯದವರು ಹೇಳಿದರೆ, ಇನ್ನೊಂದು ತಲೆಮಾರು ಅದ್ದಿಕೊಳ್ಳಲಿ, ಆಮೇಲೆ ಹಾಕಿಸುತ್ತೇನೆ ಅನ್ನುತ್ತಿದ್ದರಂತೆ.

ಮೆಟಡೋರ್ ನಿಂತಾಗ ಮಧ್ಯಾಹ್ನ. ಜೈಭೀಮ್, ಜೈಭೀಮ್ ಆಯಿತು. ಹೆಂಡತಿ ತಾಯಿಯ ಮನೆಯೊಳಗೆ ಹೋದಳು. ಅನಸುಬಾಯಿ ಮೊಣಕಾಲಿನ ದೆಸೆಯಿಂದ ಗಾಡಿಯಲ್ಲೇ ಕೂತಳು. ದೇವೀಂದ್ರಪ್ಪ ಜಗದೇವಪ್ಪನವರ ಹೆಗಲ ಮೇಲೆ ಕೈಯಿಟ್ಟು, ಇವರು ನಮ್ಮ ಓಣಿ ಅಳಿಯಂದಿರು, ಚಿತ್ತಾಪುರದಾಗ ಮಾಸ್ತರರು ಎಂದು ಬೇರೆ ಗಾಡಿಯಿಂದ ಇಳಿದವರಿಗೆಲ್ಲ ತೋರಿಸುತ್ತಿದ್ದರು. ಅಷ್ಟರಲ್ಲಿ ಹೆಂಡತಿಯ ಅಣ್ಣನ ಮಗಳು ಲುಂಬಿನಿ, ಟೀಚರ್ ತರಬೇತಿ ಮುಗಿಸಿದ್ದ ಚುರುಕು ಹುಡುಗಿ, ಸಾಮಾನು ಸರಿಸಿ ಜಾಗ ಮಾಡಲು ಗಾಡಿ ಹತ್ತಿದವಳು ಡ್ರಮ್ಮು ಹಿಡಿದುಕೊಂಡು ಇಳಿದಳು. ಗಾಡಿಯೊಳಗಿನ ಪಾತ್ರೆಗಳಲ್ಲಿ ಕಣ್ಣಿಗೆ ಹೊಡೆದದ್ದು ಅದೇ.

“ಮಾಮಾ, ಇಷ್ಟು ಛಂದ ಡ್ರಮ್ಮು ಖಾಲಿ ತಂದೀರಲ್ಲ. ತುಂಬಿ ಕೊಡ್ತೀನಿ ತಡೀರಿ.”

“ಬ್ಯಾಡ, ಇರಲಿ. ನೀರು ಭಾಳ ಅವ.”

“ಯಾಕ? ನಮ್ಮ ಹೌದದ ನೀರು ಮಾಸ್ತರಿಗಿ ಹಿಡಸಲ್ಲೇನು?”

ಕಟ್ಟೆಯ ಮೇಲೆ ಕೂತಿದ್ದ ಮುದುಕಿ ಲಾಲಮ್ಮ ಎಲೆಅಡಿಕೆ ಉಗುಳಿ, ಪಗಾರ ತಿನ್ನೋರು ಈಗ ಬಾಟ್ಲಿ ನೀರು ಕುಡೀತಾರವ್ವ, ಅಂದಳು. ಜನ ನಕ್ಕರು. ದೇವೀಂದ್ರಪ್ಪ ನಗಲಿಲ್ಲ, ಅಳಿಯನ ಮುಖ ನೋಡಿದರು. ಈ ಹೌದದ ನೀರು ಬೇಡ ಅನ್ನುವುದು ಅಲ್ಲಿ ಸಣ್ಣ ಮಾತಲ್ಲ. ಜಗದೇವಪ್ಪನವರು ಅದು ತೊಳೆದಿಲ್ಲ ಎಂದು ಗೊಣಗಿದರು.

“ಇದು ತೊಳದಿಲ್ಲಂದ್ರ ನಮ್ಮ ಮನ್ಯಾನ ಒಂದು ಭಾಂಡಿನೂ ತೊಳದಿಲ್ಲ ಬಿಡ್ರಿ,” ಎಂದು ಲುಂಬಿನಿ ಡ್ರಮ್ಮನ್ನು ಹೌದದ ಕಟ್ಟೆಯ ಮೇಲಿಟ್ಟು ಒಂದು ಕೊಂಡಿ ಬಿಚ್ಚಿದಳು.

ಇಲ್ಲಿ ಒಂದು ಮಾತು ಸಾಕಿತ್ತು. ಅದು ಅವ್ವನದು ಎಂಬ ಒಂದು ಮಾತು. ಜಗದೇವಪ್ಪ ಹೇಳಲಿಲ್ಲ. ಸುತ್ತ ನಿಂತವರೆಲ್ಲ ತನ್ನ ಬಿಳಿ ಅಂಗಿಯನ್ನೇ ನೋಡುತ್ತಿದ್ದಾರೆ ಅನ್ನಿಸಿತಂತೆ. ಯಾವ ನೀರಿಗಾಗಿ ಅವರ ಅಜ್ಜಂದಿರು ಕೈಕಟ್ಟಿ ನಿಂತಿದ್ದರೋ ಆ ನೀರಿಗೆ ಆ ಪಾತ್ರೆ ಇಳಿಯುವುದಕ್ಕೆ ಗೇಣು ದೂರ ಉಳಿದಿತ್ತು. ಮಕ್ಕಳಿಗೆ ಶುದ್ಧ ನೀರಿನ ಪಾಠ ಹೇಳುವ ಮನುಷ್ಯ ತುಟಿ ಹೊಲಿದುಕೊಂಡು ನಿಂತಿದ್ದರು. ಎರಡನೆಯ ಕೊಂಡಿಯೂ ಬಿಚ್ಚಿತು, ಮುಚ್ಚಳ ಮೇಲೆದ್ದಿತು.

“ಲುಂಬಿನಿ, ನೀರಿಗಿ ಮುಟ್ಟಿಸಬ್ಯಾಡ ಅದನ್ನ,” ಎಂದು ಅನಸುಬಾಯಿ ಗಾಡಿಯ ಕಿಟಕಿಯಿಂದ ಹೇಳಿದಳು. “ಅದು ನಾ ಉಚ್ಚಿ ಹೊಯ್ಯೋ ಡಬ್ಬಿ.”

ಲುಂಬಿನಿ ಬೆಚ್ಚಿ ಡ್ರಮ್ಮನ್ನು ಹಿಂದಕ್ಕೆ ಎಳೆದಳು. ಮುಚ್ಚಳ ಮಾತ್ರ ಹೌದದ ಮೇಲೆಯೇ ಅವಳ ಕೈಯಲ್ಲಿ ಓರೆಯಾಯಿತು. ಬಿಚ್ಚಿ ತೊಳೆಯದ ಆ ರಬ್ಬರಿನಡಿಯಿಂದ ಹನಿ ಬಿತ್ತೋ ಇಲ್ಲವೋ, ಯಾರೂ ಖಾತ್ರಿಯಾಗಿ ಹೇಳಲಾರರು. ಬಿದ್ದಂತೆ ಕಂಡಿತು ಅಂದವರೂ ಇದ್ದರು. ಇಲ್ಲ ಅಂದವರೂ ಇದ್ದರು. ಹೆಂಗಸರು ಸೆರಗು ಬಾಯಿಗಿಟ್ಟು ನಿಂತರು. ಅನಸುಬಾಯಿ ಕಿಟಕಿಯಿಂದ ಮುಖ ಒಳಗೆ ತೆಗೆದುಕೊಂಡಳು.

ದೇವೀಂದ್ರಪ್ಪ ಬಂದು ಹೌದದೊಳಗೆ ಬಗ್ಗಿ ನೋಡಿದರು. ಆಮೇಲೆ ಹೌದದ ತಳದ ತೂಬಿಗೆ ತುರುಕಿದ್ದ ಗಟ್ಟಿ ಬಟ್ಟೆಯನ್ನು ತೆಗೆಯಲು ಹೇಳಿದರು. ಮೈಲಿಗೆ ಅಂತ ಅಲ್ಲ, ಕಾಯಿಲೆ ಅಂತ ಬಿಡಾಕತ್ತೀವಿ, ಎಂದು ನೆರೆದವರಿಗೆಲ್ಲ ಎರಡೆರಡು ಸಲ ಹೇಳಿದರು. ಆ ವಯಸ್ಸಿನಲ್ಲಿ, ತಾವೇ ಕಟ್ಟಿಸಿದ ಹೌದದ ಮುಂದೆ, ಆ ಮಾತನ್ನು ಆ ಮನುಷ್ಯ ಬಿಡಿಸಿ ಹೇಳಬೇಕಾಯಿತಲ್ಲ, ಬರೆಯುವ ನನಗೇ ತಲೆ ತಗ್ಗುತ್ತದೆ. ನೀರು ತೊಗರಿ ಹೊಲದ ಕಡೆ ಹರಿದು ಹೋಯಿತು. ಜಗದೇವಪ್ಪ ಅಂಗಿ ಕಳಚಿಟ್ಟು ಹೌದದೊಳಗೆ ಇಳಿದು ಸುಣ್ಣ ಹಾಕಿ ತಿಕ್ಕಿದರು. ಅವರ ಪಕ್ಕ ಬಂದು ನಿಂತ ದೇವೀಂದ್ರಪ್ಪ ಹೇಳಿದ್ದು ಇಷ್ಟೇ.

“ಡಬ್ಬಿ ತಂದದ್ದು ತಪ್ಪಲ್ಲ ಮಾಸ್ತರ. ನೀವು ಸುಮ್ಮ ನಿಂತ್ರಲ್ಲ.”

ಹೌದ ತೊಳೆದರೂ ತುಂಬುವಂತಿರಲಿಲ್ಲ, ಕರೆಂಟು ಬರುವುದು ಸಂಜೆಯ ಮೇಲೆ. ಅಷ್ಟರಲ್ಲಿ ಆಡಕಿ ಊರಿನ ಕಡೆಯ ಜನ ತುಂಬಿಕೊಂಡು ಒಂದು ಲಾರಿ ಬಂತು. ಬಾಯಾರಿದ ಜನ ಪಾತ್ರೆ ಹಿಡಿದು ಹೌದಕ್ಕೆ ಬಂದರೆ ಹೌದ ಒಣಗಿದೆ. ಲುಂಬಿನಿ ಮನೆಯಿಂದ ಕೊಡ ತಂದಳು. ನೀರು ಕಡಿಮೆ, ಪಾತ್ರೆ ಅದ್ದಲು ಬರುವುದಿಲ್ಲ. ಕಟ್ಟೆಯ ಮೇಲೆ ನಿಂತು, ಕೆಳಗೆ ಬೊಗಸೆ ಒಡ್ಡಿದವರಿಗೆ ತಂಬಿಗೆಯಿಂದ ಸುರಿದಳು. ಸುರಿಯುತ್ತ ಅತ್ತಳು. ಜಗದೇವಪ್ಪ ಸುಣ್ಣದ ಕೈಯಲ್ಲಿ ನಿಂತು ಅದನ್ನು ನೋಡಿದರು.

ಗಾಡಿಯೊಳಗೆ ಹೋದಾಗ ಅನಸುಬಾಯಿ ಗಾಡಿಯ ತಗಡಿನ ಕಡೆ ಮುಖ ಮಾಡಿ ಮಲಗಿದ್ದಳು. ನಾಗಪುರ ಬೇಡ, ಮನೆಗೆ ಹೋಗೋಣ ಅಂದಳು. ಮಗ ಅವ್ವನ ಕಾಲು ಹಿಡಿದರು. ತಪ್ಪಾಯಿತು ಅಂದರು. ಇನ್ನು ಮುಂದೆ ಇನ್ನೂ ಹುಷಾರಾಗಿರುತ್ತೇನೆ, ಯಾರಿಗೂ ಕಾಣದ ಹಾಗೆ ಮಾಡುತ್ತೇನೆ ಎಂದರು. ಅದನ್ನು ಕೇಳಿ ಆಕೆ ಎದ್ದು ಕೂತಳು.

“ನನಗೂ ನಾಚಿಕಿ ಅದ, ಜಗ್ಯಾ. ಅದಕ್ಕಂತ ನೀರು ಬಿಟ್ಟು ಸಾಯ್ಲೇನು? ನನ್ನ ಹೊಲಸು ಕದ್ದು ಚೆಲ್ಲೋದಾದ್ರ ಗಾಡಿ ವಾಡಿಗಿ ತಿರುಗಿಸು. ಮಂದಿ ಮುಂದ ಹಿಡ್ಕೊಂಡು ಹೋಗೋದಾದ್ರ ಮುಂದ ನಡಿ.”

ಅಷ್ಟು ಹೇಳಿ, ಪರದೆ ಎಳಿ ಅಂದಳು. ಆಕೆಗೆ ಆಗಲೇ ಅವಸರವಾಗಿತ್ತು.

ಜಗದೇವಪ್ಪ ಡ್ರಮ್ಮು ತಂದು ಟೈರಿನೊಳಗೆ ಕೂರಿಸಿ ಹೊರಗೆ ನಿಂತರು. ಆಮೇಲೆ ಅದನ್ನು ಹೊರಗೆ ತಂದರು. ಟವೆಲು ಮುಚ್ಚಲು ಕೈ ಹೋಯಿತು, ಮುಚ್ಚಲಿಲ್ಲ. ಓಣಿಯ ನಡುವೆ, ಹೌದದ ಮುಂದೆ ಹಾದು, ಆ ಕೊನೆಯ ಬೇಲಿಯ ತನಕ ನಡೆಯಬೇಕು. ನಡೆದರು. ಹೆಜ್ಜೆಗೊಮ್ಮೆ ಹಿಡಿಕೆ ಕಟಕಟ ಅನ್ನುತ್ತಿತ್ತು. ಎಲ್ಲರೂ ನೋಡಿದರು. ಲಾರಿಯಿಂದ ಇಳಿದ ಒಬ್ಬ ಅಪರಿಚಿತ, ನೀರು ಎಲ್ಲಿ ಸಿಕ್ಕವು ಸರ್, ಎಂದು ಕೇಳಿದ. ಮಾಸ್ತರರು ಏನೋ ಗೊಣಗಿದರು. ಅವನಿಗೆ ಕೇಳಿಸಲಿಲ್ಲ, ಮತ್ತೆ ಕೇಳಿದ. ಈ ಸಲ ಅವರು ನಿಂತು, ಇದು ನಮ್ಮವ್ವನ ಸಂಡಾಸ, ಚೆಲ್ಲಾಕ ಹೊಂಟೀನಿ, ಎಂದರು. ಆ ಮನುಷ್ಯ ದಾರಿ ಬಿಟ್ಟ. ತಗ್ಗು ತೋಡಿ, ಮುಚ್ಚಿ, ರಬ್ಬರು ಬಿಚ್ಚಿ ತೊಳೆದು, ಬಿಸಿಲಿಗೆ ಬೋರಲು ಇಟ್ಟು, ಅದು ಒಣಗುವ ತನಕ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು.

ಅನಸುಬಾಯಿ ನಾಗಪುರ ನೋಡಿದಳು. ಇನ್ನೂ ಕೆಲವು ವರ್ಷ ಬದುಕಿದಳು, ಮದುವೆಗಳಿಗೂ ಹೋದಳು. ಈಗ ಶಹಾಬಾದಿನಿಂದ, ಸೇಡಂನಿಂದ ಜನ ಬಂದು, ಮುದುಕರಿಗೆ, ಬಸುರಿಯರಿಗೆ ಎಂದು ಆ ಕುರ್ಚಿ ಡ್ರಮ್ಮು ಕೇಳಿ ಒಯ್ಯುತ್ತಾರೆ. ಮಾಸ್ತರರು ಮೊದಲು ಫಿನೈಲು ಕೊಟ್ಟು ಆಮೇಲೆ ಡ್ರಮ್ಮು ಕೊಡುತ್ತಾರೆ, ರಬ್ಬರು ಬಿಚ್ಚಿ ತೊಳೆಯುವುದನ್ನು ಕೈಯಾರೆ ಮಾಡಿ ತೋರಿಸುತ್ತಾರೆ.

ಪಾತ್ರೆ ಹಿಡಿಯುವ ನಾಚಿಕೆ ಹೋಯಿತೇ ಎಂದು ನಾನು ಕೇಳಿದೆ. ಸುಳ್ಳು ಹೇಳಲಿಲ್ಲ, ಇನ್ನೂ ಅದ ಅಂದರು. ಚಿಂಚೋಳಿಗೆ ಮಾತ್ರ ಹೆಂಡತಿ ಒಬ್ಬಳೇ ಹೋಗಿ ಬರುತ್ತಾಳೆ. ಇವರು ಆ ಓಣಿಗೆ ಮತ್ತೆ ಹೋಗಿಲ್ಲ.